ಪೆರುವಿನ ಜೇನು ನಮ್ಮ ಮಿಸ್ರಿಗೆ ಏನಾಗಬೇಕು?

2025ರ ಕೊನೆಯಲ್ಲಿ ಪೆರು ದೇಶದಿಂದ ಒಂದು ಸುದ್ದಿ ಬಂತು. ಅಲ್ಲಿನ ಸಾಟಿಪೊ ಮತ್ತು ನೌಟಾ ಎಂಬ ಎರಡು ಸ್ಥಳೀಯ ಆಡಳಿತಗಳು ಚುಚ್ಚದ ಜೇನುನೊಣಗಳಿಗೆ ಕಾನೂನಿನ ಹಕ್ಕು ಕೊಟ್ಟವು. ಬದುಕುವ ಹಕ್ಕು, ತಮ್ಮ ನೆಲೆಯಲ್ಲೇ ಉಳಿಯುವ ಹಕ್ಕು. ಕೀಟಗಳಿಗೆ ಇಂಥ ಹಕ್ಕು ಸಿಕ್ಕಿದ್ದು ಜಗತ್ತಿನಲ್ಲೇ ಮೊದಲು ಎಂದು ವರದಿಗಳು ಹೇಳಿದವು.

ಸುದ್ದಿ ಓದಿದ ಮಲೆನಾಡು, ಕರಾವಳಿಯ ಜನರಿಗೆ ಒಂದು ಗೊಂದಲ ಸಹಜ. ಚುಚ್ಚದ ಜೇನು ಅಂದರೆ ನಮ್ಮ ಮಿಸ್ರಿಯೇ ಅಲ್ವಾ? ಅದು ಅಮೆಜಾನ್ ಕಾಡಿನಲ್ಲಿ ಏನು ಮಾಡುತ್ತಿದೆ? ಆಫ್ರಿಕದಲ್ಲೂ ಇದೆಯಂತೆ, ಆಸ್ಟ್ರೇಲಿಯದಲ್ಲೂ ಇದೆಯಂತೆ. ಅಕ್ಕಿಕಾಳಿಗಿಂತಲೂ ಚಿಕ್ಕದಾದ ಈ ಹುಳು ಅಷ್ಟು ಸಮುದ್ರ ದಾಟಿದ್ದು ಹೇಗೆ?

ಪ್ರಶ್ನೆ ಸಣ್ಣದಲ್ಲ. ವಿಜ್ಞಾನಿಗಳೇ ಅರವತ್ತು ವರ್ಷದಿಂದ ಇದರ ಮೇಲೆ ವಾದ ಮಾಡುತ್ತಿದ್ದಾರೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಮ್ಮ ಮಿಸ್ರಿ ಪೆಟ್ಟಿಗೆಗಳ ಬಗ್ಗೆಯೂ ಕೆಲವು ಮುಖ್ಯ ವಿಷಯ ಗೊತ್ತಾಗುತ್ತದೆ.

ಯಾವ ಜೇನಿನ ಮಾತು ಇದು

ಉತ್ತರ ಕನ್ನಡದಲ್ಲಿ ಮಿಸ್ರಿ, ದಕ್ಷಿಣ ಕನ್ನಡದಲ್ಲಿ ಮುಜಂಟಿ, ಕೆಲವು ಕಡೆ ನಸರಿ. ಹೆಸರು ಏನೇ ಇರಲಿ, ನೋಡಿದವರಿಗೆ ಗುರುತು ಸಿಗುತ್ತದೆ. ಮುರಕಲ್ಲಿನ ಗೋಡೆಯ ಸಂದಿನಿಂದ ಕಂದು ಬಣ್ಣದ ಒಂದು ಕೊಳವೆ ಹೊರಗೆ ಚಾಚಿರುತ್ತದೆ. ಅದರ ಬಾಯಲ್ಲಿ ಮೂರೋ ನಾಲ್ಕೋ ಕರಿಯ ತಲೆಗಳು ಇಣುಕುತ್ತಿರುತ್ತವೆ. ಅವು ಕಾವಲುಗಾರರು. ಕೊಳವೆಯ ಅಂಚನ್ನು ಬೆರಳಲ್ಲಿ ಮುಟ್ಟಿದರೆ ಅಂಟುತ್ತದೆ, ಏಕೆಂದರೆ ಅಲ್ಲಿ ಹಸಿ ರಾಳದ ಹನಿಗಳಿರುತ್ತವೆ. ಇರುವೆ ಒಳಗೆ ನುಗ್ಗಲು ಬಂದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಒಳಗೆ ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ, ಚುಚ್ಚುವ ಜೇನು) ಹಾಗೆ ಆರು ಮೂಲೆಯ ಕೋಣೆಗಳ ಎರಿ ಇರುವುದಿಲ್ಲ. ಮೇಣಕ್ಕೆ ರಾಳ ಬೆರೆಸಿ ಮಾಡಿದ ಪುಟ್ಟ ಗಡಿಗೆಗಳಿರುತ್ತವೆ. ಕೆಲವದರಲ್ಲಿ ಜೇನುತುಪ್ಪ, ಕೆಲವದರಲ್ಲಿ ಪರಾಗ. ಮರಿಗಳ ಕೋಣೆಗಳು ಬೇರೆಯೇ ಗೊಂಚಲಾಗಿರುತ್ತವೆ. ಕೆಲಸಗಾರ ನೊಣಗಳು ಕೋಣೆಗೆ ಮರಿಯ ಪೂರ್ತಿ ಊಟವನ್ನು ಒಮ್ಮೆಗೇ ತುಂಬುತ್ತವೆ, ರಾಣಿ ಅದರ ಮೇಲೆ ಒಂದು ಮೊಟ್ಟೆ ಇಡುತ್ತದೆ, ತಕ್ಷಣ ಬಾಯಿ ಮುಚ್ಚಲಾಗುತ್ತದೆ. ತುಡುವೆಯಲ್ಲಾದರೆ ಮರಿಗೆ ದಿನವೂ ಉಣಿಸುತ್ತಾರೆ. ಮಿಸ್ರಿಯಲ್ಲಿ ಆ ಕೆಲಸವೇ ಇಲ್ಲ.

ಚುಚ್ಚದ ಜೇನು ಎಂದರೂ ಮುಳ್ಳು ಪೂರ್ತಿ ಮಾಯವಾಗಿಲ್ಲ. ಸವೆದು ಸಣ್ಣಗಾಗಿ ಒಳಗೇ ಉಳಿದಿದೆ, ಚುಚ್ಚಲು ಬರುವುದಿಲ್ಲ ಅಷ್ಟೆ. ಕೂದಲಿಗೆ ನುಗ್ಗಿ ಕಚ್ಚುವುದು ಮಾತ್ರ ಚೆನ್ನಾಗಿ ಬರುತ್ತದೆ.

ಜಗತ್ತಿನಲ್ಲಿ ಈ ಗುಂಪಿನ ಸುಮಾರು 600 ಪ್ರಭೇದಗಳಿವೆ. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಇರುವುದು ಮೆಕ್ಸಿಕೊದಿಂದ ಅರ್ಜೆಂಟೀನಾವರೆಗಿನ ಅಮೆರಿಕದಲ್ಲಿ. ಉಳಿದವು ಆಫ್ರಿಕ, ದಕ್ಷಿಣ ಮತ್ತು ಆಗ್ನೇಯ ಏಷ್ಯಾ, ಆಸ್ಟ್ರೇಲಿಯದಲ್ಲಿ ಹಂಚಿಹೋಗಿವೆ. ಎಲ್ಲವೂ ಬೆಚ್ಚಗಿನ ಸೀಮೆಗಳೇ.

ಸಮುದ್ರ ದಾಟಲಾರದ ಸಂಸಾರ

ಈ ಹಂಚಿಕೆ ಯಾಕೆ ಒಗಟು ಎಂದು ತಿಳಿಯಬೇಕಾದರೆ ಇವು ಹೊಸ ಗೂಡು ಮಾಡುವ ರೀತಿ ಗೊತ್ತಿರಬೇಕು.

ತುಡುವೆಯಲ್ಲಿ ಕುಟುಂಬ ಪಾಲಾದಾಗ ಹಳೆಯ ರಾಣಿಯೇ ಒಂದು ದಂಡು ಕಟ್ಟಿಕೊಂಡು ಹಾರಿಹೋಗುತ್ತದೆ. ಹೊಟ್ಟೆಯಲ್ಲಿ ತುಂಬಿಕೊಂಡ ತುಪ್ಪ ಬಿಟ್ಟರೆ ಬೇರೆ ಗಂಟುಮೂಟೆ ಇಲ್ಲ. ಸಾಕಷ್ಟು ದೂರ ಹೋಗಿ ಸಂಸಾರ ಹೂಡಬಹುದು. ಮಿಸ್ರಿಯಲ್ಲಿ ಇದು ಸಾಧ್ಯವೇ ಇಲ್ಲ. ತಾಯಿ ರಾಣಿಯ ಹೊಟ್ಟೆ ಊದಿಕೊಂಡಿರುವುದರಿಂದ ಅದು ಹಾರಲಾರದು. ಹಾಗಾಗಿ ಹೊಸ ಮನೆಗೆ ಹೋಗುವುದು ಎಳೆ ರಾಣಿ. ಆದರೆ ಅದು ಹೋಗುವ ಮೊದಲೇ ಕೆಲಸಗಾರ ನೊಣಗಳು ಹೊಸ ಪೊಟರೆಯನ್ನು ಹುಡುಕಿ, ಬಿರುಕುಗಳನ್ನು ರಾಳದಿಂದ ಮೆತ್ತಿ, ಹಳೆಯ ಗೂಡಿನಿಂದ ಮೇಣ ಮತ್ತು ತುಪ್ಪವನ್ನು ಹೊತ್ತು ತರಬೇಕು. ಈ ಓಡಾಟ ವಾರಗಟ್ಟಲೆ ನಡೆಯುತ್ತದೆ. ಹೊಸದಾಗಿ ಬೇರೆ ಮನೆ ಮಾಡಿದ ಮಗಳಿಗೆ ತವರಿನಿಂದ ದಿನವೂ ಅಕ್ಕಿಬೇಳೆ ಹೋಗುವ ಹಾಗೆ.

ಇದರ ಪರಿಣಾಮ ನೇರವಾಗಿದೆ. ಹೊಸ ಗೂಡು ಹಳೆಯ ಗೂಡಿನಿಂದ ಕೆಲಸಗಾರರು ದಿನವೂ ಹೋಗಿಬರುವಷ್ಟು ಹತ್ತಿರದಲ್ಲೇ ಇರಬೇಕು. ಸಾಮಾನ್ಯವಾಗಿ ಕೆಲವು ನೂರು ಮೀಟರ್.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದೊಂದು ಪಾಲಿಗೆ 300 ಮೀಟರ್ ಮುಂದೆ ಹೋದರೂ 1000 ಕಿಲೋಮೀಟರ್ ಸಾಗಲು 3300ಕ್ಕೂ ಹೆಚ್ಚು ಪಾಲುಗಳು ಸಾಕು. ಲಕ್ಷಗಟ್ಟಲೆ ವರ್ಷಗಳಿದ್ದರೆ ಅದೇನೂ ಕಷ್ಟವಲ್ಲ. ಅಂದರೆ ಕಾಡು ಮುಂದುವರಿದಿರುವ ನೆಲದ ಮೇಲೆ ಇವು ಎಲ್ಲಿಗೆ ಬೇಕಾದರೂ ತಲುಪಬಲ್ಲವು. ಆದರೆ ಮಧ್ಯೆ 20 ಕಿಲೋಮೀಟರ್ ನೀರು ಬಂದರೆ ಅಲ್ಲಿಗೆ ನಿಂತಿತು. ಹಾರಿ ದಾಟುವ ಮಾತೇ ಇಲ್ಲ. ಹಾಗಾದರೆ ಅಟ್ಲಾಂಟಿಕ್ ಸಾಗರದ ಎರಡೂ ಬದಿಗೆ ಇವು ಇರುವುದಕ್ಕೆ ಕಾರಣ ಏನು?

ಖಂಡ ಒಡೆದಾಗಲೇ ಬೇರೆಯಾದವೇ?

ಮೊದಲ ಉತ್ತರ ತುಂಬಾ ಜನರಿಗೆ ಇಷ್ಟವಾಗುವಂಥದ್ದು. ದಕ್ಷಿಣ ಅಮೆರಿಕ, ಆಫ್ರಿಕ, ಭಾರತ, ಆಸ್ಟ್ರೇಲಿಯ, ಅಂಟಾರ್ಕ್ಟಿಕಾ ಎಲ್ಲವೂ ಹಿಂದೆ ಗೊಂಡ್ವಾನ ಎಂಬ ಒಂದೇ ಭೂಭಾಗ ಆಗಿದ್ದವು. ನೊಣಗಳು ಆಗಲೇ ಅಲ್ಲಿದ್ದವು, ನೆಲ ಒಡೆದು ದೂರ ಸರಿದಾಗ ಇವೂ ಅದರ ಜೊತೆ ಹೋದವು ಎನ್ನುವುದು ಈ ವಾದ. ಸಮುದ್ರ ದಾಟುವ ಪ್ರಶ್ನೆಯೇ ಏಳುವುದಿಲ್ಲ.

ಇದಕ್ಕೆ ಬೆಂಬಲವಾಗಿ ಮೇಲ್ನೋಟದ ಹೋಲಿಕೆಗಳೂ ಇದ್ದವು. ದಕ್ಷಿಣ ಅಮೆರಿಕದಲ್ಲಿ ಪ್ಲೆಬಿಯಾ ಎಂಬ ಕುಲವಿದೆ. ಅದನ್ನೇ ಹೋಲುವ ನೊಣಗಳು ಆಸ್ಟ್ರೇಲಿಯದಲ್ಲಿ ಸಿಕ್ಕವು, ಅವಕ್ಕೆ ಆಸ್ಟ್ರೊಪ್ಲೆಬಿಯಾ ಎಂದು ಹೆಸರಿಟ್ಟರು. ನಮ್ಮ ಮಿಸ್ರಿಯನ್ನು ಅಮೆರಿಕದ ಟ್ರೈಗೊನಾ ಕುಲಕ್ಕೇ ಸೇರಿಸಿದ್ದರು. ಇಂದಿಗೂ ಹಳೆಯ ಕೃಷಿ ಕೈಪಿಡಿಗಳಲ್ಲಿ ಅದು ಟ್ರೈಗೊನಾ ಇರಿಡಿಪೆನ್ನಿಸ್.

ಮೂಲ ಎಲ್ಲಿ ಎಂಬುದರಲ್ಲೂ ಒಮ್ಮತ ಇರಲಿಲ್ಲ. ಬ್ರೆಜಿಲ್‌ನ ತಳಿವಿಜ್ಞಾನಿ ವಾರ್ವಿಕ್ ಕೆರ್ 1964ರಲ್ಲಿ ಸಹಲೇಖಕರ ಜೊತೆ ದಕ್ಷಿಣ ಅಮೆರಿಕದ ಪರ ವಾದಿಸಿದರು. ಅತಿ ಹೆಚ್ಚು ಬಗೆಗಳಿರುವುದು ಅಲ್ಲೇ ತಾನೇ ಎನ್ನುವುದು ಅವರ ತರ್ಕ. ಕೋಸ್ಟರಿಕಾದ ಅಲ್ವಾರೊ ವಿಲ್ಲೆ 1979ರಲ್ಲಿ ಆಫ್ರಿಕವೇ ತವರು ಎಂದರು.

ಗೊಂಡ್ವಾನ ವಾದಕ್ಕೆ ಒಂದು ದೊಡ್ಡ ತೊಡಕಿದೆ. ಅದು ಕಾಲದ ಲೆಕ್ಕ. ಆಫ್ರಿಕ ಮತ್ತು ದಕ್ಷಿಣ ಅಮೆರಿಕ ಪೂರ್ತಿ ಬೇರೆಯಾಗಿದ್ದು ಸುಮಾರು 10 ಕೋಟಿ ವರ್ಷಗಳ ಹಿಂದೆ. ಎಲ್ಲ ಬಗೆಯ ಜೇನುನೊಣಗಳ ವಂಶವೇ ಶುರುವಾಗಿದ್ದು ಸುಮಾರು 12 ಕೋಟಿ ವರ್ಷಗಳ ಹಿಂದೆ ಎಂದು ಅಂದಾಜು. ಅಷ್ಟು ಕಡಿಮೆ ಸಮಯದಲ್ಲಿ ರಾಣಿ, ಕೆಲಸಗಾರರು, ಗಡಿಗೆ, ರಾಳ ಎಲ್ಲ ಇರುವ ಚುಚ್ಚದ ಜೇನು ರೂಪುಗೊಂಡು, ಎರಡೂ ಬದಿ ಹರಡಿ ನೆಲ ಒಡೆಯಲು ಕಾಯುತ್ತಿತ್ತು ಎನ್ನುವುದು ಕಷ್ಟ.

ರಾಳದಲ್ಲಿ ಸಿಕ್ಕಿಬಿದ್ದ ಸಾಕ್ಷಿ

ಇನ್ನೊಂದು ಸಾಕ್ಷಿ ಯಾರೂ ಎಣಿಸದ ಕಡೆಯಿಂದ ಬಂತು. ಅಮೆರಿಕದ ನ್ಯೂಜೆರ್ಸಿಯಿಂದ. ಇವತ್ತು ಅಲ್ಲಿ ಹಿಮ ಬೀಳುತ್ತದೆ, ಚುಚ್ಚದ ಜೇನು ಬದುಕುವ ಜಾಗವೇ ಅಲ್ಲ. ಆದರೆ ಅಲ್ಲಿ ಸಿಕ್ಕ ಒಂದು ಅಂಬರ್ ತುಂಡಿನೊಳಗೆ, ಅಂದರೆ ಕಲ್ಲಾದ ಮರದ ರಾಳದೊಳಗೆ, ಒಂದು ನೊಣ ಹಾಗೇ ಉಳಿದಿತ್ತು. 1988ರಲ್ಲಿ ಚಾರ್ಲ್ಸ್ ಮಿಚೆನರ್ ಮತ್ತು ಡೇವಿಡ್ ಗ್ರಿಮಾಲ್ಡಿ ಅದನ್ನು ವಿವರಿಸಿದರು. ಈಗಿನ ಅಂದಾಜಿನ ಪ್ರಕಾರ ಅದರ ವಯಸ್ಸು ಆರೂವರೆಯಿಂದ ಏಳು ಕೋಟಿ ವರ್ಷ. ಡೈನೋಸಾರ್‌ಗಳ ಯುಗ ಮುಗಿಯುತ್ತಿದ್ದ ಹೊತ್ತು.

ಅದು ಇಂದಿನ ನೊಣಗಳಿಗೆ ಎಷ್ಟು ಹತ್ತಿರವಿತ್ತೆಂದರೆ, ಮೊದಲು ಅದನ್ನು ಟ್ರೈಗೊನಾ ಕುಲಕ್ಕೇ ಸೇರಿಸಿದರು. ಮುಂದೆ ಕ್ರೆಟೊಟ್ರೈಗೊನಾ ಎಂಬ ಹೊಸ ಕುಲ ಮಾಡಿದರು. ಇನ್ನೂ ಮುಖ್ಯವಾದ ಸಂಗತಿ, ಅದು ರಾಣಿಯಲ್ಲ, ಕೆಲಸಗಾರ ನೊಣ. ಕೆಲಸಗಾರ ಇದೆ ಎಂದರೆ ಕೆಲಸ ಹಂಚಿಕೊಂಡ ಕುಟುಂಬವೂ ಇತ್ತು ಎಂದಾಯಿತು.

ಅಂಬರ್‌ನಲ್ಲಿ ಈ ನೊಣಗಳು ಸಿಗುವುದು ಆಕಸ್ಮಿಕವೇನಲ್ಲ. ರಾಳ ತರಲು ಮರಕ್ಕೆ ಹೋಗುವುದು ಇವುಗಳ ದಿನದ ಕೆಲಸ. ಕೆಲವು ಅಲ್ಲೇ ಅಂಟಿಕೊಂಡು ಸಾಯುತ್ತವೆ. ಕೆರಿಬಿಯನ್‌ನ ಡೊಮಿನಿಕನ್ ಅಂಬರ್‌ನಲ್ಲಿ ಒಂದೂವರೆ, ಎರಡು ಕೋಟಿ ವರ್ಷ ಹಳೆಯ ಪ್ರೊಪ್ಲೆಬಿಯಾ ನೊಣಗಳು ರಾಶಿರಾಶಿ ಸಿಗುತ್ತವೆ. ಕೆಲವದರ ಹಿಂಗಾಲಿನಲ್ಲಿ ಹೊತ್ತು ತರುತ್ತಿದ್ದ ರಾಳದ ಉಂಡೆ ಕೂಡ ಹಾಗೇ ಇದೆ. ಆ ಕುಲ ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ.

ಯುರೋಪಿನ ಬಾಲ್ಟಿಕ್ ಅಂಬರ್‌ನಲ್ಲೂ ಈ ಗುಂಪಿನ ನೊಣಗಳು ಸಿಕ್ಕಿವೆ. ಸುಮಾರು 4.4 ಕೋಟಿ ವರ್ಷ ಹಳೆಯವು. ಸಿಸಿಲಿ ದ್ವೀಪದ ಅಂಬರ್‌ನಲ್ಲೂ ಇವೆ. ಈ ತುಂಡುಗಳನ್ನು ಜೋಡಿಸಿದರೆ ಕಾಣುವ ಚಿತ್ರವೇ ಬೇರೆ. ಇವತ್ತು ದಕ್ಷಿಣಕ್ಕೆ ಸೀಮಿತವಾದ ಈ ಜೇನು ಒಂದು ಕಾಲದಲ್ಲಿ ಉತ್ತರ ಅಮೆರಿಕ, ಯುರೋಪ್‌ಗಳಲ್ಲೂ ಇತ್ತು. ಆಗ ಭೂಮಿ ಈಗಿಗಿಂತ ತುಂಬಾ ಬೆಚ್ಚಗಿತ್ತು. ಗ್ರೀನ್‌ಲ್ಯಾಂಡ್ ಕಡೆಯಿಂದ ಯುರೋಪ್ ಮತ್ತು ಉತ್ತರ ಅಮೆರಿಕಗಳ ಮಧ್ಯೆ ನೆಲದ ಸಂಪರ್ಕವೂ ಆಗಾಗ ಇತ್ತು. ಹಾಗಾಗಿ ಕಾಡಿನಿಂದ ಕಾಡಿಗೆ, ಪೊಟರೆಯಿಂದ ಪೊಟರೆಗೆ ಇವು ಉತ್ತರದ ದಾರಿಯಲ್ಲೇ ಒಂದು ಖಂಡದಿಂದ ಇನ್ನೊಂದಕ್ಕೆ ಸಾಗಿರಬಹುದು. ಸುಮಾರು 3.4 ಕೋಟಿ ವರ್ಷಗಳ ಹಿಂದೆ ಭೂಮಿ ತಣ್ಣಗಾಗತೊಡಗಿತು. ಉತ್ತರದವು ಕ್ರಮೇಣ ಅಳಿದವು, ದಕ್ಷಿಣದವು ಉಳಿದವು. ನಮಗೆ ಇವತ್ತು ಸಮುದ್ರದ ಆಚೆ ಈಚೆ ಚದುರಿದಂತೆ ಕಾಣುತ್ತಿರುವುದು ಒಂದು ದೊಡ್ಡ ಹರವಿನ ಉಳಿದ ತುದಿಗಳು.

ಡಿಎನ್‌ಎ ಹೇಳಿದ್ದು

2010ರಲ್ಲಿ ಕ್ಲಾಸ್ ರಾಸ್ಮುಸೆನ್ ಮತ್ತು ಸಿಡ್ನಿ ಕ್ಯಾಮೆರಾನ್ ಜಗತ್ತಿನ ಎಲ್ಲ ಕಡೆಯ ಚುಚ್ಚದ ಜೇನುಗಳ ಜೀನ್‌ಗಳನ್ನು ಹೋಲಿಸಿ ವಂಶವೃಕ್ಷ ಬಿಡಿಸಿದರು. ಮೂರು ದೊಡ್ಡ ಕವಲುಗಳು ಕಂಡವು. ಅಮೆರಿಕದ್ದು ಒಂದು, ಆಫ್ರಿಕದ್ದು ಒಂದು, ಏಷ್ಯಾ-ಆಸ್ಟ್ರೇಲಿಯದ್ದು ಒಂದು. ಇವುಗಳಲ್ಲಿ ಆಫ್ರಿಕ ಮತ್ತು ಏಷ್ಯಾ ಕವಲುಗಳು ಒಂದಕ್ಕೊಂದು ಹತ್ತಿರ, ಅಮೆರಿಕದ್ದು ದೂರ. 2024ರಲ್ಲಿ ಇನ್ನೂ ಹೆಚ್ಚು ಜೀನೋಮ್ ಮಾಹಿತಿ ಬಳಸಿ ಬಂದ ಅಧ್ಯಯನದಲ್ಲೂ ಮೂರು ದೊಡ್ಡ ಕವಲುಗಳು ಕಂಡವು.

ಇದರಿಂದ ಹಳೆಯ ಹೋಲಿಕೆಗಳು ಬಿದ್ದುಹೋದವು. ಪ್ಲೆಬಿಯಾ ಮತ್ತು ಆಸ್ಟ್ರೊಪ್ಲೆಬಿಯಾ ಹತ್ತಿರದ ನೆಂಟರಲ್ಲ. ನಮ್ಮ ಮಿಸ್ರಿಗೂ ಅಮೆರಿಕದ ಟ್ರೈಗೊನಾಕ್ಕೂ ನೇರ ಸಂಬಂಧವಿಲ್ಲ. ಬ್ರೆಜಿಲ್‌ನ ಪಾದ್ರಿ ಮತ್ತು ಕೀಟಶಾಸ್ತ್ರಜ್ಞ ಜೆಸುಸ್ ಮೌರೆ 1961ರಲ್ಲೇ ಏಷ್ಯಾದ ನೊಣಗಳಿಗೆ ಟೆಟ್ರಾಗೊನುಲಾ ಎಂಬ ಬೇರೆ ಹೆಸರು ಕೊಟ್ಟಿದ್ದರು. ಡಿಎನ್‌ಎ ಕಾಲ ಬರುವ ಮೊದಲೇ ಬರೀ ದೇಹರಚನೆ ನೋಡಿ ಅವರು ಹಿಡಿದ ದಾರಿ ಸರಿಯಾಗಿತ್ತು. ಈಗ ಮಿಸ್ರಿಯ ವೈಜ್ಞಾನಿಕ ಹೆಸರು ಟೆಟ್ರಾಗೊನುಲಾ ಇರಿಡಿಪೆನ್ನಿಸ್.

ರೂಪ ನೋಡಿ ನೆಂಟಸ್ತನ ಹೇಳುವುದು ಎಷ್ಟು ಅಪಾಯ ಎಂಬುದಕ್ಕೆ ಕಳ್ಳಜೇನುಗಳು ಒಳ್ಳೆಯ ಉದಾಹರಣೆ. ಅಮೆರಿಕದ ಲೆಸ್ಟ್ರಿಮೆಲಿಟ್ಟಾ ನೊಣಗಳು ಹೂವಿಗೆ ಹೋಗಿ ದುಡಿಯುವುದಿಲ್ಲ. ಬೇರೆ ಗೂಡುಗಳಿಗೆ ನುಗ್ಗಿ ದೋಚುತ್ತವೆ. ಪರಾಗ ಹೊರುವ ಬುಟ್ಟಿಯೂ ಅವುಗಳ ಕಾಲಿನಲ್ಲಿ ಉಳಿದಿಲ್ಲ. ಆಫ್ರಿಕದ ಕ್ಲೆಪ್ಟೊಟ್ರೈಗೊನಾ ಕೂಡ ಥೇಟ್ ಇದೇ ಬದುಕಿನದು. ಆದರೆ ಎರಡೂ ಬೇರೆ ಬೇರೆ ಕವಲುಗಳು. ಒಂದೇ ಕಸುಬು ಎರಡು ಖಂಡಗಳಲ್ಲಿ ಪ್ರತ್ಯೇಕವಾಗಿ ಹುಟ್ಟಿತು.

ಇನ್ನು ಸಮುದ್ರ ದಾಟಿದ್ದೇ ಇಲ್ಲವೇ ಎಂದರೆ, ದಾಟಿದ್ದೂ ಉಂಟು. ಮಡಗಾಸ್ಕರ್‌ನಲ್ಲಿ ಲಿಯೊಟ್ರೈಗೊನಾ ಎಂಬ ಪುಟ್ಟ ಚುಚ್ಚದ ಜೇನುಗಳಿವೆ. ಆ ದ್ವೀಪ ಆಫ್ರಿಕದಿಂದ ಬೇರೆಯಾದಾಗ ಭೂಮಿಯ ಮೇಲೆ ಜೇನುನೊಣಗಳೇ ಇರಲಿಲ್ಲ. ಅಲ್ಲಿಗೆ ಅವು ತಲುಪಲು ಇದ್ದ ದಾರಿ ಬಹುಶಃ ಒಂದೇ. ಬಿರುಗಾಳಿಗೆ ಉರುಳಿದ ಮರದ ಪೊಟರೆಯಲ್ಲಿ ಇಡೀ ಗೂಡು ರಾಣಿ ಸಮೇತ ತೇಲಿಹೋಗಿರಬೇಕು. ತುಪ್ಪದ ದಾಸ್ತಾನು ಒಳಗೇ ಇರುವುದರಿಂದ ಕೆಲವು ದಿನ ಬದುಕಲು ತೊಂದರೆಯಿಲ್ಲ. ಇದು ಕೋಟಿ ವರ್ಷಗಳಲ್ಲಿ ಒಂದೋ ಎರಡೋ ಸಲ ಆದರೂ ಸಾಕು.

ನಮ್ಮ ಕಡೆಗೆ ಬಂದ ದಾರಿ

ಭಾರತದ ವಿಷಯ ಇನ್ನೂ ಕುತೂಹಲದ್ದು. ನಮ್ಮ ಭೂಭಾಗ ಮಡಗಾಸ್ಕರ್‌ನಿಂದ ಸುಮಾರು 9 ಕೋಟಿ ವರ್ಷಗಳ ಹಿಂದೆ ಬಿಡಿಸಿಕೊಂಡು, ಒಂಟಿಯಾಗಿ ಉತ್ತರಕ್ಕೆ ಸರಿದು, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಮಿಸ್ರಿಯ ಪೂರ್ವಜರು ಈ ನೆಲದ ಮೇಲೆಯೇ ಕುಳಿತು ಬಂದರೇ?

ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ಸಿಗುವ ಕ್ಯಾಂಬೆ ಅಂಬರ್ ಹೆಚ್ಚುಕಡಿಮೆ ಆ ಡಿಕ್ಕಿಯ ಕಾಲದ್ದು. ಅದರಲ್ಲಿ ಸಿಕ್ಕ ಜೇನುನೊಣಗಳು ಚುಚ್ಚದ ಜೇನಿಗೆ ಹತ್ತಿರದ, ಈಗ ಪೂರ್ತಿ ಅಳಿದುಹೋದ ಒಂದು ಗುಂಪಿನವು. ಅದೇ ಗುಂಪು ಬಾಲ್ಟಿಕ್ ಅಂಬರ್‌ನಲ್ಲೂ ಇದೆ. ಅಂದರೆ ಆ ಹೊತ್ತಿಗಾಗಲೇ ಭಾರತದ ಕಾಡುಗಳಿಗೂ ಉತ್ತರದ ಕಾಡುಗಳಿಗೂ ಹೋಗಿಬರುವ ನಂಟು ಇತ್ತು. ಆಗಲೂ ಒಂಟಿ ದ್ವೀಪವಾಗಿಯೇ ಉಳಿದಿದ್ದರೆ ಇಲ್ಲಿ ಬೇರೆಲ್ಲೂ ಇಲ್ಲದ ನೊಣಗಳು ಸಿಗಬೇಕಿತ್ತು. ಹಾಗಾಗಿ ಮಿಸ್ರಿ ಗೊಂಡ್ವಾನದ ಕಾಲದಿಂದ ಇಲ್ಲೇ ಇತ್ತು ಎನ್ನುವುದಕ್ಕಿಂತ, ಏಷ್ಯಾದ ಕಡೆಯಿಂದ ನೆಲದ ದಾರಿಯಲ್ಲಿ ಬಂತು ಎನ್ನುವುದೇ ಹೆಚ್ಚು ಸರಿಹೊಂದುತ್ತದೆ.

ಆ ಅಂಬರ್ ಆದದ್ದು ಡಿಪ್ಟರೊಕಾರ್ಪ್ ಜಾತಿಯ ಮರಗಳ ರಾಳದಿಂದ. ಪಶ್ಚಿಮಘಟ್ಟದ ಧೂಪದ ಮರವೂ ಅದೇ ಕುಟುಂಬದ್ದು.

ಹತ್ತಿರದ ನೆಂಟ ತುಡುವೆಯಲ್ಲ

ಎರಡೂ ತುಪ್ಪ ಮಾಡುತ್ತವೆ, ಎರಡರಲ್ಲೂ ರಾಣಿ ಇದೆ. ಆದ್ದರಿಂದ ಮಿಸ್ರಿ ಮತ್ತು ತುಡುವೆ ಅಕ್ಕತಂಗಿ ಎಂದು ಎಲ್ಲರೂ ಭಾವಿಸಿದ್ದರು. ದೇಹರಚನೆ ನೋಡಿದವರ ತೀರ್ಮಾನವೂ ಅದೇ ಆಗಿತ್ತು. ಜೀನ್‌ಗಳ ಉತ್ತರ ಬೇರೆ. ಚುಚ್ಚದ ಜೇನಿನ ಅತಿ ಹತ್ತಿರದ ಬಂಧು ಬಂಬಲ್‌ಬೀ. ಭಾರತದಲ್ಲಿ ಹಿಮಾಲಯದ ಕಡೆ ಕಾಣುವ, ದಪ್ಪ ಮೈಯ, ತುಪ್ಪಳದಂಥ ಕೂದಲಿನ ನೊಣ ಅದು. ಗೂಡಿನಲ್ಲಿ ಕೆಲವು ನೂರು ನೊಣ ಇದ್ದರೆ ಹೆಚ್ಚು, ಚಳಿಯ ಸೀಮೆಗಳಲ್ಲಿ ಗೂಡು ವರ್ಷಕ್ಕೊಮ್ಮೆ ಮುಗಿದೇ ಹೋಗುತ್ತದೆ.

ಇದು ಮೊದಲು ಬಂದಾಗ ಸಾಕಷ್ಟು ಜಗಳವಾಯಿತು. ಒಪ್ಪಿದರೆ, ವರ್ಷಗಟ್ಟಲೆ ಬಾಳುವ ದೊಡ್ಡ ಸಂಸಾರ ತುಡುವೆಯ ವಂಶದಲ್ಲಿ ಒಮ್ಮೆ, ಮಿಸ್ರಿಯ ವಂಶದಲ್ಲಿ ಇನ್ನೊಮ್ಮೆ ಬೆಳೆಯಿತು ಎಂದು ಒಪ್ಪಬೇಕಾಗುತ್ತದೆ. 2016ರ ನಂತರದ ದೊಡ್ಡ ಜೀನೋಮ್ ಅಧ್ಯಯನಗಳು ಸ್ವಲ್ಪ ಸಮಾಧಾನ ತಂದವು. ಸರಳ ಕೂಡುಬಾಳು ತುಡುವೆ, ಮಿಸ್ರಿ, ಬಂಬಲ್‌ಬೀ ಈ ಮೂರರ ಪೂರ್ವಜನಲ್ಲಿ ಒಮ್ಮೆ ಹುಟ್ಟಿತು, ದೊಡ್ಡ ಸಂಸಾರದ ವಿವರಗಳು ಆಮೇಲೆ ಬೇರೆ ಬೇರೆಯಾಗಿ ಬೆಳೆದವು ಎನ್ನುವುದು ಈಗ ಹೆಚ್ಚು ಜನ ಒಪ್ಪುವ ಮಾತು. ಎರಿಯ ಬದಲು ಗಡಿಗೆ, ದಿನದ ಉಣಿಸುವಿಕೆಯ ಬದಲು ಒಮ್ಮೆಗೇ ತುಂಬಿ ಮುಚ್ಚುವುದು, ಇಂಥ ವ್ಯತ್ಯಾಸಗಳೆಲ್ಲ ಇದಕ್ಕೆ ಹೊಂದುತ್ತವೆ.

ಇದರಿಂದ ಇವತ್ತು ಏನಾಗುತ್ತಿದೆ

ಮೊದಲನೆಯದು ತುಪ್ಪದ ತಕರಾರು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಜೇನುತುಪ್ಪದಲ್ಲಿ ನೀರಿನಂಶ ಸಾಮಾನ್ಯವಾಗಿ ನೂರಕ್ಕೆ 20 ಮೀರಬಾರದು ಎನ್ನುತ್ತದೆ. ಅದನ್ನು ಬರೆದಿದ್ದು ಎರಿ ಕಟ್ಟುವ ಜೇನನ್ನು ನೋಡಿಕೊಂಡು. ಗಡಿಗೆಯಲ್ಲಿಟ್ಟ ಮಿಸ್ರಿ ತುಪ್ಪ ಅದಕ್ಕಿಂತ ತೆಳ್ಳಗೆ, ಹುಳಿ ಜಾಸ್ತಿ. ಸಕ್ಕರೆಯೂ ಬೇರೆ. ಆಸ್ಟ್ರೇಲಿಯದ ವಿಜ್ಞಾನಿಗಳು 2020ರಲ್ಲಿ ಚುಚ್ಚದ ಜೇನಿನ ತುಪ್ಪದಲ್ಲಿ ಟ್ರೆಹಲುಲೋಸ್ ಎಂಬ ಅಪರೂಪದ ಸಕ್ಕರೆ ಹೇರಳವಾಗಿದೆ ಎಂದು ತೋರಿಸಿದರು. ಶುದ್ಧ ಮಿಸ್ರಿ ತುಪ್ಪ ಪರೀಕ್ಷೆಯಲ್ಲಿ ಕಲಬೆರಕೆಯಂತೆ ಕಂಡರೆ ತಪ್ಪು ತುಪ್ಪದ್ದಲ್ಲ, ಅಳತೆಗೋಲಿನದ್ದು. ಮಲೇಷ್ಯಾ 2017ರಲ್ಲೇ ಇದಕ್ಕೆ ಪ್ರತ್ಯೇಕ ಮಾನದಂಡ ಮಾಡಿಕೊಂಡಿತು.

ಎರಡನೆಯದು ಇನ್ನೂ ಗಂಭೀರ: ಪೆಟ್ಟಿಗೆಗಳ ಸಾಗಾಟ. ಕೆಲವು ನೂರು ಮೀಟರ್‌ಗಿಂತ ದೂರ ಹೋಗದ ಕುಟುಂಬಗಳು ಎಂದರೆ, ಒಂದೊಂದು ಸೀಮೆಯ ನೊಣ ಅಲ್ಲಿಗೇ ಹೊಂದಿಕೊಂಡು ಬೇರೆಯಾಗುತ್ತಾ ಹೋಗುತ್ತದೆ. ಹೊರನೋಟಕ್ಕೆ ಒಂದೇ ಥರ ಕಾಣುವ, ಒಳಗೆ ಬೇರೆಯಾದ ಪ್ರಭೇದಗಳು ಹೀಗೇ ಹುಟ್ಟುವುದು. ಒಂದು ಕಾಲದಲ್ಲಿ ದಕ್ಷಿಣ ಭಾರತದ ಚುಚ್ಚದ ಜೇನೆಲ್ಲ ಇರಿಡಿಪೆನ್ನಿಸ್ ಎಂದು ಬರೆದುಬಿಡುತ್ತಿದ್ದರು. 2004ರಲ್ಲಿ ಕೇರಳದಿಂದ ಲಿಸೊಟ್ರೈಗೊನಾ ಮೋಹನದಾಸಿ, 2019ರಲ್ಲಿ ಟೆಟ್ರಾಗೊನುಲಾ ಟ್ರಾವಂಕೋರಿಕಾ ಎಂದು ಹೊಸ ಪ್ರಭೇದಗಳು ಹೊರಬಂದವು. ‘ಹೊಸ ಜೇನು ಪತ್ತೆ’ ಎಂಬ ಸುದ್ದಿಗಳ ಹಿಂದೆ ಹೆಚ್ಚಾಗಿ ಇರುವುದು ಇದೇ. ಕಣ್ಣೆದುರೇ ಇದ್ದದ್ದನ್ನು ಈಗ ಸರಿಯಾಗಿ ಬೇರ್ಪಡಿಸುತ್ತಿದ್ದಾರೆ.

ಈಗ ಒಂದು ಪೆಟ್ಟಿಗೆ ಲಾರಿ ಹತ್ತಿದರೆ, ಆ ವಂಶಕ್ಕೆ ಸಾವಿರಾರು ಪಾಲುಗಳು ಹಿಡಿಯುತ್ತಿದ್ದ ದೂರ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ಆಸ್ಟ್ರೇಲಿಯದಲ್ಲಿ ಉತ್ತರದ ಟೆಟ್ರಾಗೊನುಲಾ ಹಾಕಿಂಗ್ಸಿ ಪೆಟ್ಟಿಗೆಗಳ ಜೊತೆ ದಕ್ಷಿಣಕ್ಕೆ ಬಂತು. ಬ್ರಿಸ್ಬೇನ್ ಸುತ್ತ ಅದು ಸ್ಥಳೀಯ ಕಾರ್ಬೊನೇರಿಯಾ ಗೂಡುಗಳ ಮೇಲೆ ಬಿದ್ದು ಕಾದಾಡುತ್ತದೆ. ಎರಡೂ ಕಡೆ ರಾಶಿ ರಾಶಿ ನೊಣ ಸಾಯುತ್ತವೆ. ಗೆದ್ದರೆ ಗೂಡನ್ನೇ ವಶಪಡಿಸಿಕೊಂಡು ತನ್ನ ರಾಣಿಯನ್ನು ಕೂರಿಸುತ್ತದೆ. ಎರಡೂ ಪ್ರಭೇದ ಟೆಟ್ರಾಗೊನುಲಾ, ಅಂದರೆ ನಮ್ಮ ಮಿಸ್ರಿಯದೇ ಕುಲ.

ಇದಕ್ಕೆ ಎದುರು ಮಾತೂ ಇದೆ, ಅದನ್ನೂ ಕೇಳಬೇಕು. ಕೆಲವೇ ಗೂಡುಗಳನ್ನು ದೂರ ಒಯ್ದರೆ ಒಳಸಂಬಂಧ ಹೆಚ್ಚಿ, ಕೆಲಸಗಾರ ಆಗಬೇಕಾದ ಮೊಟ್ಟೆಗಳು ಗಂಡಾಗಿ ವಂಶ ಕುಸಿಯುತ್ತದೆ, ಕನಿಷ್ಠ 44 ಗೂಡು ಬೇಕು ಎಂದು ಕೆರ್ ಲೆಕ್ಕ ಹಾಕಿದ್ದರು. ಆದರೆ ಬ್ರೆಜಿಲ್‌ನಲ್ಲಿ ಕೇವಲ 2 ಗೂಡುಗಳಿಂದ ಬೆಳೆಸಿದ ಮೆಲಿಪೋನಾ ಎಂಬ ಚುಚ್ಚದ ಜೇನುನೊಣಗಳು ವರ್ಷಗಟ್ಟಲೆ ಚೆನ್ನಾಗಿಯೇ ಉಳಿದವು ಎಂದು 2011ರ ಅಧ್ಯಯನ ತೋರಿಸಿತು. ಸಾಕಣೆ ಮಾಡುವವರಿಗೆ ಇದು ಧೈರ್ಯ ಕೊಟ್ಟ ಸಂಗತಿ. ಆದರೆ ಅದು ಒಯ್ದ ನೊಣ ಬದುಕುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ. ಅಲ್ಲಿ ಮೊದಲೇ ಇದ್ದ ನೊಣಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ.

ಮಿಸ್ರಿ ತುಪ್ಪಕ್ಕೆ ಬೆಲೆ ಏರಿದಷ್ಟೂ ಪೆಟ್ಟಿಗೆಗೆ ಬೇಡಿಕೆ ಏರುತ್ತದೆ, ಊರಿಂದ ಊರಿಗೆ, ರಾಜ್ಯದಿಂದ ರಾಜ್ಯಕ್ಕೆ ಸಾಗಾಟವೂ ಏರುತ್ತದೆ. ಹಾಗಾಗಿ ಸಾಕುವವರು ಮೊದಲು ತಮ್ಮ ತಾಲ್ಲೂಕಿನ ಗೋಡೆ, ಪೊಟರೆಗಳಲ್ಲಿರುವ ಗೂಡುಗಳನ್ನೇ ಪಾಲು ಮಾಡಿ ಬೆಳೆಸುವುದು ಒಳ್ಳೆಯದು. ಹೊರಗಿಂದ ತರಲೇಬೇಕಾದರೆ ಪ್ರತಿ ಪೆಟ್ಟಿಗೆಯ ಮೇಲೆ ಅದರ ಮೂಲ ಗೂಡಿನ ಊರು ಬರೆದಿಡಬೇಕು. ಪಶ್ಚಿಮಘಟ್ಟದ ಯಾವ ಕಣಿವೆಯಲ್ಲಿ ಯಾವ ಪ್ರಭೇದ ಇದೆ ಎಂಬ ಪಟ್ಟಿ ಇನ್ನೂ ಸಿದ್ಧವಾಗುತ್ತಿದೆ. ಅದು ಮುಗಿಯುವ ಮೊದಲೇ ಎಲ್ಲವೂ ಬೆರೆತುಹೋದರೆ ಮತ್ತೆ ಬಿಡಿಸಿ ನೋಡಲು ಆಗುವುದಿಲ್ಲ.